ಸಂಚಾರಿ ಅಡಿಗೆ ಬಂಡಿಯೂ ಅದಕ್ಕೆ ಬೇಕಾದ ಪರವಾನಗಿಗಳೂ

ತನ್ನ ಕಣದಲ್ಲಿ ರಾಗಿಯನ್ನು ತೂರಿ ರಾಶಿ ಮಾಡಿದ ರೈತನು ಅದನ್ನು ಮಾರಬೇಕಾದರೆ ಆಹಾರದ ಕಾನೂನಿಗೆ ಸಂಬಂಧಪಟ್ಟ ಯಾವ ಅಧಿಕಾರಿಯ ಅಪ್ಪಣೆಯನ್ನೂ ಕೇಳಬೇಕಾದುದಿಲ್ಲ. 2006ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ರೈತನಿಗೂ, ಬೇಸಾಯದ ಕೆಲಸಗಳಿಗೂ, ಹೊಲದ ಮಟ್ಟದಲ್ಲಿರುವ ಬೆಳೆಗೂ ಅನ್ವಯಿಸತಕ್ಕದ್ದಲ್ಲವೆಂದು ಅದರ 18ನೆಯ ಪ್ರಕರಣದಲ್ಲಿಯೇ ಹೇಳಿರುವುದು. ಆದರೆ ಅದೇ ರಾಗಿಯನ್ನು ಬೀಸಿ, ಮುದ್ದೆ ತೊಳಸಿ, ಬಸ್ಸಾರಿನೊಡನೆ ತಟ್ಟೆಗಿಟ್ಟು ಹಣ ತೆಗೆದುಕೊಂಡೊಡನೆಯೇ ಅವನು ಕಾನೂನಿನ ಕಣ್ಣಿಗೆ ಬೇರೊಬ್ಬ ಮನುಷ್ಯನಾಗುವನು. ಆಹಾರದ ವ್ಯಾಪಾರ ನಡೆಸುವವನೆಂಬ ಹೆಸರು ಅವನಿಗೆ ಬರುವುದು. ಆ ಹೆಸರಿನ ಹಿಂದೆಯೇ ದರಖಾಸ್ತು, ನೋಂದಣಿ, ತನಿಖೆ, ತೆರಿಗೆಗಳೂ ಬರುವುವು.

ವಿಶ್ವಸಂಸ್ಥೆಯವರು 2023ನೆಯ ವರ್ಷವನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ ರಾಗಿ, ಜೋಳ, ನವಣೆ, ಸಾಮೆಗಳ ಅಡಿಗೆಗೆ ಪಟ್ಟಣವಾಸಿಗಳಲ್ಲಿ ಒಲವು ಬೆಳೆದಿರುವುದು ಎಲ್ಲರೂ ಬಲ್ಲ ಸಂಗತಿ. ಧಾನ್ಯವನ್ನು ಮಂಡಿಗೆ ಹಾಕುವುದಕ್ಕಿಂತ ಅದನ್ನೇ ರೊಟ್ಟಿಯಾಗಿಯೋ ಅಂಬಲಿಯಾಗಿಯೋ ಮಾರಿದರೆ ಹೆಚ್ಚು ಹುಟ್ಟುವಳಿಯಾದೀತೆಂದು ಯೋಚಿಸುವ ಯುವಕ ರೈತರೂ, ಸ್ವಸಹಾಯ ಸಂಘಗಳ ಸ್ತ್ರೀಯರೂ ಈಚೆಗೆ ಸಂಚಾರಿ ಅಡಿಗೆ ಬಂಡಿಯ ಕಡೆಗೆ, ಅಂದರೆ ಪೇಟೆಯವರು ಫುಡ್ ಟ್ರಕ್ಕು ಎಂದು ಕರೆಯುವ ವಾಹನದ ಕಡೆಗೆ, ದೃಷ್ಟಿ ಹಾಯಿಸುತ್ತಿರುವರು. ಯೋಚನೆಯು ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಮೊದಲು ಸಾಲ ಮಾಡಿ ವಾಹನವನ್ನು ಕೊಳ್ಳುವುದು, ಆಮೇಲೆ ಅದಕ್ಕೆ ಅಡಿಗೆಯ ಕಟ್ಟಡವನ್ನು ಕೂಡಿಸುವುದು, ಕಟ್ಟಕಡೆಗೆ ಅದನ್ನು ಎಲ್ಲಿ ನಿಲ್ಲಿಸುವುದೆಂದು ವಿಚಾರಿಸುವುದು ವಾಡಿಕೆಯಾಗಿರುವುದು. ಈ ಕ್ರಮವು ತಲೆಕೆಳಗಾದುದೆಂದು ಆರಂಭದಲ್ಲಿಯೇ ತಿಳಿಸುವುದು ಅವಶ್ಯಕ. ಮಳೆಯನ್ನು ನೋಡದೆ ಬಿತ್ತನೆಗೆ ಹೊರಡುವ ರೈತನಿಲ್ಲ. ನಿಲ್ಲುವ ಸ್ಥಳವನ್ನು ಗೊತ್ತುಮಾಡದೆ ಬಂಡಿಯನ್ನು ಕೊಳ್ಳುವುದೂ ಅಂಥಾದ್ದೇ.

ಸಂಚಾರಿ ಅಡಿಗೆ ಬಂಡಿಗೆಂದು ಒಂದೇ ಲೈಸೆನ್ಸು ನಮ್ಮ ರಾಜ್ಯದಲ್ಲಿಲ್ಲ. ಬಂಡಿಯು ಏಕಕಾಲದಲ್ಲಿ ಮೂರು ವಸ್ತುಗಳಾಗಿರುವುದೇ ಇದಕ್ಕೆ ಕಾರಣ. ಚಕ್ರಗಳಿರುವುದರಿಂದ ಅದು ಮೋಟಾರು ವಾಹನವು; ಒಳಗೆ ಒಲೆಯಿರುವುದರಿಂದ ಅಡಿಗೆಮನೆಯು; ರಸ್ತೆಯ ಅಂಚಿನಲ್ಲಿ ನಿಂತು ಗಿರಾಕಿಗಳನ್ನು ಕರೆಯುವುದರಿಂದ ಅಂಗಡಿಯು. ಈ ಮೂರಕ್ಕೂ ಬೇರೆ ಬೇರೆ ಕಾಯಿದೆಗಳು, ಬೇರೆ ಬೇರೆ ಕಚೇರಿಗಳು ಇರುವುವು. ಒಂದು ಕಚೇರಿಯ ಕಾಗದವು ಮತ್ತೊಂದು ಕಚೇರಿಯಲ್ಲಿ ನಡೆಯದು. ಆಹಾರದ ನೋಂದಣಿ ಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿರುವವನನ್ನು ಸಂಚಾರದ ಪೋಲೀಸರು ಎಬ್ಬಿಸಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆ ಪತ್ರವು ಅಡಿಗೆಗೆ ಕೊಟ್ಟದ್ದೇ ಹೊರತು ನೆಲಕ್ಕೆ ಕೊಟ್ಟದ್ದಲ್ಲ.

ಮೊದಲು ಸ್ಥಳದ ವಿಷಯ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯಿದೆಯು 2014ನೆಯ ಇಸವಿ ಮೇ ತಿಂಗಳಿಂದ ಜಾರಿಗೆ ಬಂದಿರುವುದು. ಇದರಂತೆ ಪ್ರತಿಯೊಂದು ಪಟ್ಟಣದಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿಯೆಂಬುದು ಇರತಕ್ಕದ್ದು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೂ, ಆ ಪ್ರತಿನಿಧಿಗಳಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರೂ ಆಗಿರತಕ್ಕದ್ದು. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಗಣತಿಯನ್ನು ಮಾಡಿ, ಪಟ್ಟಣದ ಜನಸಂಖ್ಯೆಯ ನೂರಕ್ಕೆ ಎರಡೂವರೆಯ ಪ್ರಮಾಣವನ್ನು ಮೀರದಂತೆ ವ್ಯಾಪಾರದ ಪ್ರಮಾಣಪತ್ರಗಳನ್ನು ಕೊಡಬೇಕೆಂದು ವಿಧಿಸಲಾಗಿರುವುದು. ಒಂದೆಡೆಯಿಂದ ಇನ್ನೊಂದೆಡೆಗೆ ಸಂಚರಿಸುತ್ತಾ ಮಾರುವವರೂ ಈ ಕಾಯಿದೆಯ ಆಶ್ರಯಕ್ಕೆ ಒಳಪಟ್ಟವರೇ. ರೈಲ್ವೆಯವರಿಗೆ ಸೇರಿದ ನೆಲಕ್ಕೆ ಮಾತ್ರ ಈ ಕಾಯಿದೆಯು ಹೊಂದುವುದಿಲ್ಲವಾದುದರಿಂದ, ಸ್ಟೇಷನ್ನಿನ ಅಂಗಳವನ್ನು ನಂಬಿಕೊಂಡಿರುವವರು ರೈಲ್ವೆ ಅಧಿಕಾರಿಗಳನ್ನೇ ಕಾಣಬೇಕಾಗುವುದು.

ಇಷ್ಟನ್ನೋದಿದ ರೈತನು ಉತ್ಸಾಹಗೊಳ್ಳಬಹುದು. ಆದರೆ ಅದೇ ಕಾಯಿದೆಯ 5ನೆಯ ಪ್ರಕರಣವನ್ನು ಅವನು ನಿಧಾನವಾಗಿ ಓದಬೇಕು. ಪ್ರಮಾಣಪತ್ರ ಬಯಸುವವನು ವ್ಯಾಪಾರವನ್ನು ತಾನೇ ಅಥವಾ ತನ್ನ ಕುಟುಂಬದವರಿಂದಲೇ ನಡೆಸುವೆನೆಂದೂ, ಪ್ರಮಾಣಪತ್ರವನ್ನಾಗಲಿ ಸ್ಥಳವನ್ನಾಗಲಿ ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದಿಲ್ಲವೆಂದೂ, ತನಗೆ ಬೇರೆ ಜೀವನೋಪಾಯವಿಲ್ಲವೆಂದೂ ಮುಚ್ಚಳಿಕೆಯನ್ನು ಬರೆದುಕೊಡಬೇಕು. ಈ ಕಡೆಯ ಮಾತೇ ಜಮೀನುದಾರನಿಗೆ ತೊಡಕು. ಎರಡು ಎಕರೆ ಖುಷ್ಕಿಯಿಂದ ಸಂಸಾರ ಸಾಗುವುದಿಲ್ಲವೆಂಬುದು ನಿಜವಾದರೂ, ಪಹಣಿಯಲ್ಲಿ ಹೆಸರಿರುವವನು ಹಾಗೆ ಬರೆದುಕೊಡುವುದು ಸುಲಭವಲ್ಲ, ಸುಳ್ಳು ಬರೆದುಕೊಡುವುದು ಯುಕ್ತವೂ ಅಲ್ಲ. ಭೂಮಿಯಿಲ್ಲದ ಕೂಲಿಕಾರರಿಗೂ ಪಟ್ಟಣದಲ್ಲಿಯೇ ನೆಲೆಸಿದ ಬಡ ಕುಟುಂಬಗಳಿಗೂ ಈ ಕಾಯಿದೆಯು ದೊಡ್ಡ ಆಸರೆಯೇ ಸರಿ. ಬೇಸಾಯದೊಡನೆ ಉಪವೃತ್ತಿಯಾಗಿ ಬಂಡಿಯನ್ನು ನಡೆಸಬೇಕೆಂಬವನಿಗೆ ಇದು ರಾಜಮಾರ್ಗವಲ್ಲವೆಂದು ನಮ್ಮ ಅಭಿಪ್ರಾಯ. ಅದೂ ಅಲ್ಲದೆ ಈ ಕಾಯಿದೆಯು ತಳ್ಳುಗಾಡಿ, ಬುಟ್ಟಿ, ನೆಲದಂಗಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಮೋಟಾರು ಬಂಡಿಯ ವಿಷಯದಲ್ಲಿ ಆಯಾ ಸ್ಥಳದ ಸಮಿತಿಯು ಏನು ನಿರ್ಣಯಿಸಿರುವುದೆಂಬುದನ್ನು ಲಿಖಿತವಾಗಿಯೇ ಕೇಳಿ ಪಡೆಯಬೇಕು.

ಹಾಗಾದರೆ ಅಂಥವನು ಎಲ್ಲಿ ನಿಲ್ಲಬೇಕು? ಖಾಸಗೀ ಆವರಣಗಳಲ್ಲಿ ನಿಲ್ಲುವುದೇ ಭದ್ರವಾದ ಮಾರ್ಗ. ಕಾರ್ಖಾನೆಯ ಅಂಗಳ, ಕಾಲೇಜಿನ ಹಾಸ್ಟೆಲು, ಪೆಟ್ರೋಲು ಬಂಕಿನ ಮಗ್ಗುಲು, ಮನೆಗಳ ಸಮುಚ್ಚಯದ ಒಳಗಿನ ಬಯಲು, ಇವುಗಳ ಒಡೆಯರಿಂದ ವಾರದ ಯಾವ ದಿನ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಎಷ್ಟು ಬಾಡಿಗೆಗೆ, ನೀರು ಮತ್ತು ವಿದ್ಯುತ್ತು ಯಾರದು, ಕಸ ಯಾರದು ಎಂಬುದೆಲ್ಲವನ್ನೂ ಒಳಗೊಂಡ ಕರಾರು ಪತ್ರವನ್ನು ಬರೆಸಿಕೊಂಡು, ಅದನ್ನೇ ಆಧಾರವಾಗಿ ತೋರಿಸಿ ಸ್ಥಳೀಯ ಸಂಸ್ಥೆಯಿಂದ ವ್ಯಾಪಾರದ ಪರವಾನಗಿಯನ್ನು ಕೇಳುವುದು ಸುಗಮ. ಈ ಪರವಾನಗಿಯು ನಗರಗಳಲ್ಲಿ ಮಹಾನಗರಪಾಲಿಕೆಯಿಂದಲೂ, ಸಣ್ಣ ಊರುಗಳಲ್ಲಿ 1964ನೆಯ ಇಸವಿಯ ಪುರಸಭೆಗಳ ಕಾಯಿದೆಯ ಪ್ರಕಾರ ಪುರಸಭೆಯಿಂದಲೂ, ಹಳ್ಳಿಗಳಲ್ಲಿ 1993ನೆಯ ಇಸವಿಯ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಯಿಂದಲೂ ದೊರೆಯುವುದು. ಬೆಂಗಳೂರಿಗೆ ಹೋಗತಕ್ಕವರು ಒಂದು ಬದಲಾವಣೆಯನ್ನು ನೆನಪಿನಲ್ಲಿಡಬೇಕು. ಅಲ್ಲಿ ಹಿಂದೆ ಇದ್ದ ಒಂದೇ ಬೃಹತ್ ಮಹಾನಗರಪಾಲಿಕೆಗೆ ಬದಲಾಗಿ 2025ನೆಯ ಇಸವಿಯಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಅಡಿಯಲ್ಲಿ ಐದು ನಗರಪಾಲಿಕೆಗಳೂ ಏರ್ಪಟ್ಟಿರುವುವು. ಬಂಡಿಯು ಒಂದು ಪಾಲಿಕೆಯ ಎಲ್ಲೆಯಿಂದ ಇನ್ನೊಂದರ ಎಲ್ಲೆಗೆ ದಾಟುವುದು ಒಂದು ತಿರುವಿನ ಮಾತು. ಪರವಾನಗಿಯೂ ಕೂಡ ಹಾಗೆ ದಾಟೀತೆಂದು ಭಾವಿಸದೆ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಹೆದ್ದಾರಿಯ ಪಕ್ಕದಲ್ಲಿ ಹೊಲವಿರುವ ರೈತನಿಗೆ ತನ್ನ ನೆಲದಲ್ಲಿಯೇ ಬಂಡಿಯನ್ನು ನಿಲ್ಲಿಸುವ ಆಲೋಚನೆ ಸಹಜವಾಗಿಯೇ ಬರುವುದು. ಇಲ್ಲಿ ಎರಡು ಎಚ್ಚರಗಳು ಬೇಕು. ರಸ್ತೆಯ ಅಂಚಿಗೂ ಹೊಲದ ಬದುವಿಗೂ ನಡುವಣ ಪಟ್ಟಿಯು ಹೆದ್ದಾರಿಗೆ ಸೇರಿದ ನೆಲವಾಗಿರುವುದುಂಟು; ರಾಷ್ಟ್ರೀಯ ಹೆದ್ದಾರಿಯ ನೆಲವನ್ನು ಅನುಮತಿಯಿಲ್ಲದೆ ಆಕ್ರಮಿಸುವುದನ್ನು 2002ನೆಯ ಇಸವಿಯ ಕಾಯಿದೆಯು ನಿಷೇಧಿಸಿರುವುದು. ಇನ್ನು ಬದುವಿನ ಒಳಗೆ ಶೆಡ್ಡನ್ನು ಕಟ್ಟಿ, ನೆಲಕ್ಕೆ ಸಿಮೆಂಟು ಹಾಕಿ, ಬೇಸಾಯದ ಭೂಮಿಯನ್ನು ಹೋಟೆಲಿನ ಉಪಯೋಗಕ್ಕೆ ತಿರುಗಿಸಿದರೆ 1964ನೆಯ ಇಸವಿಯ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಭೂಪರಿವರ್ತನೆಯ ಪ್ರಶ್ನೆಯು ಏಳುವುದು.

ಸಂತೆಗಳನ್ನೂ ಜಾತ್ರೆಗಳನ್ನೂ ಮರೆಯಬಾರದು. ವಾರದ ಸಂತೆಯಲ್ಲಿ ಪಂಚಾಯಿತಿಯವರಿಗೆ ಸುಂಕ ಕೊಟ್ಟು ನಿಲ್ಲುವ ಪದ್ಧತಿಯು ನಮ್ಮವರಿಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಕಾರ್ತಿಕದಲ್ಲಿ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಜಿ.ಕೆ.ವಿ.ಕೆ.ಯಲ್ಲಿ ನಡೆಸುವ ಕೃಷಿ ಮೇಳ, ಇಂತಹ ಸಂದರ್ಭಗಳಲ್ಲಿ ಏರ್ಪಾಡು ಮಾಡುವವರೇ ಮಳಿಗೆಯ ಸ್ಥಳವನ್ನು ಹಂಚುವರು. ಆಹಾರದ ನೋಂದಣಿಯ ನಿಬಂಧನೆಗಳು ತಾತ್ಕಾಲಿಕ ಮಳಿಗೆಯವನನ್ನೂ ತಿರುಗಾಡುವ ವ್ಯಾಪಾರಿಯನ್ನೂ ಹೆಸರಿಸಿಯೇ ಸೇರಿಸಿಕೊಂಡಿರುವುದರಿಂದ, ಒಂದೇ ನೋಂದಣಿಯಿಂದ ಇಂಥಾ ಕಡೆಗಳಲ್ಲಿ ಅನುಭವವನ್ನು ಪಡೆಯಬಹುದು. ವಾಹನಕ್ಕಾಗಿ ಸಾಲ ಮಾಡುವುದಕ್ಕೆ ಮುಂಚೆ ಎರಡು ಮೂರು ಜಾತ್ರೆಗಳಲ್ಲಿ ಬರಿಯ ಮೇಜನ್ನು ಹಾಕಿಕೊಂಡು ಮಾರಿ ನೋಡಿದರೆ, ತನ್ನ ರೊಟ್ಟಿಗೆ ಗಿರಾಕಿಗಳಿರುವರೋ ಇಲ್ಲವೋ ಎಂಬುದು ಅಲ್ಪ ಖರ್ಚಿನಲ್ಲಿಯೇ ತಿಳಿದುಬರುವುದು.

ಸ್ಥಳವು ಗೊತ್ತಾದ ಮೇಲೆ ವಾಹನ. 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಮಾರ್ಪಡಿಸಬೇಕಾದರೆ ನೋಂದಣಿ ಅಧಿಕಾರಿಯ ಒಪ್ಪಿಗೆಯು ಮೊದಲೇ ಬೇಕು. ಸಾಮಾನು ಸಾಗಿಸುವ ಹಳೆಯ ವಾಹನವನ್ನು ಕೊಂಡು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪಕ್ಕವನ್ನು ಕತ್ತರಿಸಿ ಕಿಟಕಿಯಿಡಿಸಿ, ಮೇಲೆ ತಗಡಿನ ಛಾವಣಿಯನ್ನು ಏರಿಸಿ, ಆಮೇಲೆ ಆರ್.ಟಿ.ಓ. ಕಚೇರಿಗೆ ಹೋಗುವವರು ಇಲ್ಲಿಯೇ ಸಿಕ್ಕಿಬೀಳುವರು. ವಾಹನಗಳ ವರ್ಗಗಳಲ್ಲಿ ಸಂಚಾರಿ ಕ್ಯಾಂಟೀನೆಂಬ ಹೆಸರು ಪ್ರತ್ಯೇಕವಾಗಿಯೇ ಇರುವುದು. ಆದುದರಿಂದ ಕಟ್ಟಡದ ನಕ್ಷೆ, ತೂಕ, ಉದ್ದಗಲಗಳನ್ನು ಮೊದಲೇ ಕಚೇರಿಗೆ ಒಪ್ಪಿಸಿ, ಅಪ್ಪಣೆ ಪಡೆದು, ಕೆಲಸವಾದ ಮೇಲೆ ವಾಹನವನ್ನು ತೋರಿಸಿ, ನೋಂದಣಿ ಪತ್ರದಲ್ಲಿ ಆ ವರ್ಗವನ್ನು ಬರೆಸಿಕೊಳ್ಳಬೇಕು. ಅರ್ಹತಾ ಪತ್ರ, ಹೊಗೆಯ ಪರೀಕ್ಷೆ, ವಿಮೆ, ರಸ್ತೆ ತೆರಿಗೆಗಳು ಸಾಮಾನ್ಯ ವಾಹನಗಳಿಗಿರುವಂತೆಯೇ ಇರುವುವು. ಒಪ್ಪಿಗೆಯಿಲ್ಲದೆ ಮಾರ್ಪಡಿಸಿದ ವಾಹನಕ್ಕೆ ಬೆಂಕಿಯೋ ಅಪಘಾತವೋ ಸಂಭವಿಸಿದರೆ ವಿಮಾ ಕಂಪೆನಿಯವರು ತಕರಾರು ತೆಗೆಯುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುವುದು. ಚಾಲಕನ ವಿಷಯದಲ್ಲಿ ಒಂದು ಅನುಕೂಲವುಂಟು: ಹಗುರ ಮೋಟಾರು ವಾಹನದ ಲೈಸೆನ್ಸುಳ್ಳವನು 7,500 ಕಿಲೋಗ್ರಾಮಿನೊಳಗಿನ ಸಾರಿಗೆ ವಾಹನವನ್ನು ಬೇರೆ ದೃಢೀಕರಣವಿಲ್ಲದೆ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ನೆಯ ಇಸವಿ ನವೆಂಬರಿನಲ್ಲಿ ತೀರ್ಪು ಕೊಟ್ಟಿರುವುದು.

ಇನ್ನು ಅಡಿಗೆ. ಆಹಾರದ ನೋಂದಣಿಯನ್ನು ಎಲ್ಲಕ್ಕಿಂತ ಕಷ್ಟವೆಂದು ಜನರು ಹೆದರುವರು. ವಾಸ್ತವವಾಗಿ ಇದು ಎಲ್ಲಕ್ಕಿಂತ ಸುಲಭವಾದುದು. ಫಾಸ್ಕಾಸ್ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ದರಖಾಸ್ತನ್ನು ಹಾಕಿಕೊಳ್ಳಬೇಕು. ಭಾವಚಿತ್ರ, ಗುರುತಿನ ಪತ್ರ, ವ್ಯಾಪಾರದ ವಿವರ ಇವಿಷ್ಟೇ ಸಣ್ಣ ವ್ಯಾಪಾರಿಗೆ ಮುಖ್ಯವಾಗಿ ಬೇಕಾದುವು. 2011ನೆಯ ಇಸವಿಯಲ್ಲಿ ನಿಬಂಧನೆಗಳು ಹೊರಟಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯನ್ನು ಮೀರದವರಿಗೆ ವರ್ಷಕ್ಕೆ 100 ರೂಪಾಯಿಯ ಶುಲ್ಕದಲ್ಲಿ ಬರಿಯ ನೋಂದಣಿ ಸಾಕೆಂದೂ, ಅದಕ್ಕೆ ಮೇಲ್ಪಟ್ಟವರಿಗೆ ಲೈಸೆನ್ಸು ಬೇಕೆಂದೂ ಗೊತ್ತುಮಾಡಲಾಗಿತ್ತು. ಇಂತಹ ಮಿತಿಗಳು ತಿದ್ದುಪಡಿಗೆ ಒಳಪಡತಕ್ಕವಾದುದರಿಂದ ದರಖಾಸ್ತು ಹಾಕುವ ದಿನದಲ್ಲಿರುವ ಮಿತಿಯನ್ನೂ ಶುಲ್ಕವನ್ನೂ ಅಲ್ಲಿಯೇ ನೋಡಿಕೊಳ್ಳಬೇಕು. ದೊರೆತ 14 ಅಂಕಿಗಳ ಸಂಖ್ಯೆಯನ್ನು ಗಿರಾಕಿಗಳಿಗೆ ಕಾಣುವಂತೆ ಬಂಡಿಯ ಮೇಲೆ ಹಾಕತಕ್ಕದ್ದು. ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ಹಣ ತೆತ್ತು ಈ ಪತ್ರವನ್ನು ತರಿಸಿಕೊಳ್ಳುವುದಕ್ಕೆ ಕಾರಣವೇ ಇಲ್ಲ. ಓದು ಬರಹ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಸಾಕು.

ನೋಂದಣಿಯು ಸುಲಭವಾದರೂ ಅದರ ಹಿಂದಿರುವ ಶುಚಿತ್ವದ ಕಟ್ಟಳೆಗಳು ಹಗುರವಲ್ಲ. ಅದೇ ನಿಬಂಧನೆಗಳ ನಾಲ್ಕನೆಯ ಅನುಸೂಚಿಯಲ್ಲಿ ಇವುಗಳನ್ನು ವಿವರವಾಗಿ ಬರೆದಿರುವರು. ಅಡಿಗೆಯವರು ವರ್ಷಕ್ಕೊಮ್ಮೆ ವೈದ್ಯ ಪರೀಕ್ಷೆಗೆ ಒಳಪಡಬೇಕು. ವಿಷಮಶೀತ ಜ್ವರ ಮೊದಲಾದ ಕರುಳಿನ ರೋಗಗಳಿಗೆ ವಿರುದ್ಧವಾಗಿ ಚುಚ್ಚುಮದ್ದನ್ನು ಹಾಕಿಸಿಕೊಂಡಿರಬೇಕು. ಗಾಯ, ಕಜ್ಜಿ, ಭೇದಿಯುಳ್ಳವರು ಆಹಾರವನ್ನು ಮುಟ್ಟಕೂಡದು. ಬಂಡಿಯಲ್ಲಿ ನಿಜವಾದ ತೊಂದರೆಯು ನೀರಿನದು. ಹೋಟೆಲಿನಲ್ಲಾದರೆ ನಲ್ಲಿಯುಂಟು, ಮೋರಿಯುಂಟು. ಬಂಡಿಯಲ್ಲಿ ಎರಡನ್ನೂ ಹೊತ್ತುಕೊಂಡೇ ತಿರುಗಬೇಕು. ಕುಡಿಯುವುದಕ್ಕೂ ಅಡಿಗೆಗೂ ಒಳ್ಳೆಯ ನೀರಿನ ತೊಟ್ಟಿಯೊಂದು, ತೊಳೆದ ನೀರನ್ನು ಹಿಡಿಯುವುದಕ್ಕೆ ಅದಕ್ಕಿಂತ ದೊಡ್ಡದಾದ ತೊಟ್ಟಿಯೊಂದು, ಇವೆರಡೂ ವಾಹನದ ನಕ್ಷೆಯಲ್ಲಿಯೇ ಇರುವುದು ಲೇಸು. ಹೊಲದ ಕೊಳವೆ ಬಾವಿಯ ನೀರನ್ನು ತುಂಬಿಸಿಕೊಂಡು ಹೋಗುವವರು ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಳ್ಳಬೇಕು. ನಮ್ಮ ರಾಜ್ಯದ ಪೂರ್ವ ಜಿಲ್ಲೆಗಳ ಆಳವಾದ ಬಾವಿಗಳಲ್ಲಿ ಫ್ಲೋರೈಡು ಹೆಚ್ಚಾಗಿರುವುದು ತಿಳಿದ ಸಂಗತಿಯೇ, ಮತ್ತು ಕುದಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ಬಿಸಿಯಾಗಿ ಬಡಿಸತಕ್ಕ ಪದಾರ್ಥವು 60 ಡಿಗ್ರಿಗಿಂತ ಕೆಳಕ್ಕೂ, ತಣ್ಣಗಿಡತಕ್ಕದ್ದು 5 ಡಿಗ್ರಿಗಿಂತ ಮೇಲಕ್ಕೂ ಬಹಳ ಹೊತ್ತು ಇರಬಾರದು. ಬೆಳಗಿನ ಜಾವ ಊರಿನಲ್ಲಿ ಬೇಯಿಸಿದ ಸಾರನ್ನು ಪಟ್ಟಣ ಮುಟ್ಟುವ ತನಕ ಉಗುರುಬೆಚ್ಚಗಿಟ್ಟುಕೊಂಡು ಹೋಗುವುದೇ ಅಪಾಯವು. ಇನ್ನು ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಉಪಯೋಗಿಸಕೂಡದೆಂದು 2018ನೆಯ ಇಸವಿ ಜುಲೈಯಿಂದ ಕಟ್ಟಳೆಯಿರುವುದು. ಬಣ್ಣದ ವಿಷಯವನ್ನೂ ಹೇಳಬೇಕು: ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ, ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣವನ್ನೂ ನಮ್ಮ ರಾಜ್ಯ ಸರಕಾರದವರು 2024ನೆಯ ಇಸವಿ ಮಾರ್ಚಿಯಲ್ಲಿ ನಿಷೇಧಿಸಿದರು. ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳೆಯುವ ನಾಡಿನಲ್ಲಿ ಕೆಂಪಿಗಾಗಿ ಡಬ್ಬಿಯ ಬಣ್ಣವನ್ನು ಹುಡುಕುವುದು ವಿಚಿತ್ರವೇ ಸರಿ.

ಒಲೆಗೆ ಮನೆಯ ಉಪಯೋಗದ 14.2 ಕಿಲೋಗ್ರಾಮಿನ ಸಿಲಿಂಡರನ್ನು ತರಕೂಡದು. ವ್ಯಾಪಾರದ 19 ಕಿಲೋಗ್ರಾಮಿನದನ್ನೇ ಬಿಲ್ಲಿನೊಡನೆ ಕೊಳ್ಳತಕ್ಕದ್ದು. ಒಟ್ಟು 100 ಕಿಲೋಗ್ರಾಮಿನವರೆಗೆ ಈ ಅನಿಲವನ್ನು ಇಟ್ಟುಕೊಳ್ಳುವುದಕ್ಕೆ 2016ನೆಯ ಇಸವಿಯ ಗ್ಯಾಸ್ ಸಿಲಿಂಡರುಗಳ ನಿಯಮಗಳಂತೆ ಬೇರೆ ಲೈಸೆನ್ಸು ಬೇಕಾಗಿಲ್ಲ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುವುದು. ಆದಕಾರಣ ಸಿಲಿಂಡರಿನ ಗೂಡಿಗೆ ಕಂಡಿಗಳನ್ನು ತಳಭಾಗದಲ್ಲಿ ಬಿಡಿಸಬೇಕು. ಮೇಲ್ಗಡೆಯ ಕಿಟಕಿಯು ಇದಕ್ಕೆ ಪ್ರಯೋಜನಕ್ಕೆ ಬಾರದು. ಬಂಡಿಯು ಚಲಿಸುವಾಗ ಒಲೆಯು ಆರಿರಬೇಕು, ರೆಗ್ಯುಲೇಟರು ಮುಚ್ಚಿರಬೇಕು, ಬೆಂಕಿ ನಂದಿಸುವ ಉಪಕರಣವು ಬಾಗಿಲ ಬಳಿ ಕೈಗೆಟುಕುವಂತಿರಬೇಕು.

ತೆರಿಗೆಯ ವಿಷಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಊಟವೊಂದಕ್ಕೆ 60 ರೂಪಾಯಿಯಂತೆ ದಿನಕ್ಕೆ 100 ಊಟಗಳನ್ನು ವರ್ಷದಲ್ಲಿ 300 ದಿನ ಮಾರಿದರೆ ವಹಿವಾಟು 18 ಲಕ್ಷ ರೂಪಾಯಿಯಾಗುವುದು. ಬೆಲೆಯನ್ನು 70 ರೂಪಾಯಿಗೆ ಏರಿಸಿದರೆ 21 ಲಕ್ಷವಾಗಿ, ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿಯ ಮಿತಿಯಾದ 20 ಲಕ್ಷವನ್ನು ದಾಟುವುದು. ಆಗ ನೂರಕ್ಕೆ 5ರ ದರದ ಹೋಟೆಲು ತೆರಿಗೆಯು ಬರುವುದು. ಇದು ಲಾಭದ ಲೆಕ್ಕವಲ್ಲ, ಬಂದ ಹಣದ ಲೆಕ್ಕವೆಂಬುದನ್ನು ಗಮನಿಸಬೇಕು. ಸ್ವಂತ ಬೇಸಾಯದ ಬೆಳೆಯನ್ನು ಮಾರುವ ಮಟ್ಟಿಗೆ ರೈತನಿಗೆ ಈ ನೋಂದಣಿಯಿಂದ ವಿನಾಯಿತಿಯುಂಟು. ಆದರೆ ಮುದ್ದೆಯು ಬೆಳೆಯಲ್ಲ. 2025ನೆಯ ಇಸವಿ ಜುಲೈಯಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯವರು ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ, ತರಕಾರಿ ಹಾಲು ಮಾರುವವರಿಗೂ ಕೂಡ, ನೋಟೀಸು ಕಳುಹಿಸಿದಾಗ ಉಂಟಾದ ಗಾಬರಿಯು ಇನ್ನೂ ನೆನಪಿನಲ್ಲಿರುವುದು. ಆಗ ಹೆಚ್ಚು ಕಷ್ಟಪಟ್ಟವರು ಲೆಕ್ಕವನ್ನೇ ಬರೆದಿಡದವರು. ಬಂಡಿಯ ಹಣಕ್ಕೆ ಒಂದು ಬ್ಯಾಂಕು ಖಾತೆ, ಮನೆಯ ಮತ್ತು ಫಸಲಿನ ಹಣಕ್ಕೆ ಮತ್ತೊಂದು ಖಾತೆ ಇಟ್ಟುಕೊಂಡರೆ ಯಾವುದು ಬೆಳೆಯ ದುಡ್ಡು, ಯಾವುದು ಊಟದ ದುಡ್ಡು ಎಂಬುದನ್ನು ತೋರಿಸುವುದಕ್ಕೆ ಪ್ರಯಾಸವಾಗದು.

ಉಳಿದ ಸಣ್ಣ ವಿಷಯಗಳು ಹಲವು. ಒಮ್ಮೆ ಉಪಯೋಗಿಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳು 2022ನೆಯ ಇಸವಿ ಜುಲೈಯಿಂದ ದೇಶಾದ್ಯಂತ ನಿಷಿದ್ಧವಾಗಿರುವುವು. ಮುತ್ತುಗದೆಲೆ, ಅಡಿಕೆ ಹಾಳೆಗಳು ನಮ್ಮಲ್ಲಿ ಬೇಕಾದಷ್ಟು ದೊರೆಯುವುವು. ಊಟದ ಜೊತೆಗೆ ಹುರಿಹಿಟ್ಟು, ಚಟ್ನಿಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವವರು ತೂಕ, ಬೆಲೆ, ತಯಾರಾದ ದಿನ, ತಯಾರಿಸಿದವರ ವಿಳಾಸ ಮೊದಲಾದುವನ್ನು ಚೀಟಿಯ ಮೇಲೆ ಅಚ್ಚು ಹಾಕಿಸತಕ್ಕದ್ದು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳಕೂಡದು.

ಮೇಲ್ಕಂಡ ಯಾವತ್ತೂ ಕಾಗದಗಳ ಅವಧಿಯು ಒಂದೇ ದಿನ ಮುಗಿಯುವುದಿಲ್ಲ. ವಿಮೆಯದೊಂದು ತಾರೀಕು, ಅರ್ಹತಾ ಪತ್ರದ್ದೊಂದು, ಸ್ಥಳದ ಕರಾರಿನದು ಇನ್ನೊಂದು. ಇವುಗಳನ್ನೆಲ್ಲಾ ಒಂದು ಹಾಳೆಯಲ್ಲಿ ದೊಡ್ಡಕ್ಷರಗಳಲ್ಲಿ ಬರೆದು ಬಂಡಿಯ ಬಾಗಿಲಿನ ಒಳಮೈಗೆ ಅಂಟಿಸಿ, ಮೂಲ ಪತ್ರಗಳನ್ನು ಮನೆಯಲ್ಲಿರಿಸಿ, ನಕಲುಗಳನ್ನು ಎಣ್ಣೆಯೂ ನೀರೂ ತಗಲದ ಚೀಲದಲ್ಲಿಟ್ಟು ಬಂಡಿಯಲ್ಲಿ ಇರಿಸಿಕೊಳ್ಳಬೇಕು. ವಾಹನದ ನೋಂದಣಿ ಪತ್ರವನ್ನೂ ಚಾಲಕನ ಲೈಸೆನ್ಸನ್ನೂ ಡಿಜಿಲಾಕರಿನಲ್ಲಿ ತೋರಿಸಿದರೂ ಸಾಲುವುದು. ಆಹಾರ ಸುರಕ್ಷತಾ ಅಧಿಕಾರಿಗಳ ಮತ್ತು ಜಿಲ್ಲೆಯ ಅಂಕಿತಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯ ವಿಷಯವಾಗಿ ಕೇಳಿ ತಿಳಿಯಬಹುದು. ಸ್ಥಳದ ವಿಷಯಕ್ಕೆ ಪುರಸಭೆಯ ಆರೋಗ್ಯ ಶಾಖೆಯನ್ನೂ, ವಾಹನದ ನಕ್ಷೆಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳನ್ನೂ ಕಾಣತಕ್ಕದ್ದು.